ಜಾಲತಾಣಗಳ ಕ್ಲೋಕಿಂಗ್: ಅರ್ಜಿದಾರರು ತಿಳಿದಿರಬೇಕಾದ ಮಾಹಿತಿ

ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವ ಅನೇಕರು ಜಾಲತಾಣದ ವಿಳಾಸವನ್ನು ನೇರವಾಗಿ ನಮೂದಿಸುವ ಬದಲು, ಗೂಗಲ್ ಮುಂತಾದ ಶೋಧಯಂತ್ರಗಳಲ್ಲಿ ಸೇವೆಯ ಹೆಸರನ್ನು ಬರೆದು, ಮೊದಲಿಗೆ ಕಾಣುವ ಕೊಂಡಿಯನ್ನು ತೆರೆಯುತ್ತಾರೆ. ಮೊದಲ ಸ್ಥಾನದಲ್ಲಿರುವುದೇ ಅಧಿಕೃತ ಜಾಲತಾಣವೆಂದು ಭಾವಿಸುವುದು ಸರಿಯಲ್ಲ. ಶೋಧ ಫಲಿತಾಂಶದ ಸ್ಥಾನವನ್ನು ಅಕ್ರಮವಾಗಿ ಪಡೆಯುವ ವಿಧಾನಗಳಲ್ಲಿ ‘ಕ್ಲೋಕಿಂಗ್’ ಒಂದಾಗಿದ್ದು, ಅದರ ಬಗ್ಗೆ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಕಂಡಂತೆ ವಿವರಿಸಲಾಗಿದೆ.

1. ಕ್ಲೋಕಿಂಗ್ ಎಂದರೇನು?

ಒಂದೇ ವಿಳಾಸದಲ್ಲಿ ಶೋಧಯಂತ್ರಕ್ಕೆ ಒಂದು ಪುಟವನ್ನೂ ಬಳಕೆದಾರರಿಗೆ ಬೇರೊಂದು ಪುಟವನ್ನೂ ಉದ್ದೇಶಪೂರ್ವಕವಾಗಿ ತೋರಿಸಿ ವಂಚಿಸುವುದಕ್ಕೆ ಕ್ಲೋಕಿಂಗ್ ಅಥವಾ ಮರೆಮಾಚುವಿಕೆ ಎನ್ನುತ್ತಾರೆ. ಲೆಕ್ಕಪರಿಶೋಧಕರಿಗೆ ಒಂದು ಲೆಕ್ಕದ ಪುಸ್ತಕವನ್ನೂ ಪಾಲುದಾರರಿಗೆ ಮತ್ತೊಂದನ್ನೂ ಹಾಜರುಪಡಿಸುವುದಕ್ಕೆ ಇದನ್ನು ಹೋಲಿಸಬಹುದು. ಬಳಕೆದಾರರ ಭಾಷೆ ಅಥವಾ ಮೊಬೈಲ್ ಪರದೆಗೆ ತಕ್ಕಂತೆ ಅದೇ ವಿಷಯವನ್ನು ಬೇರೆ ರೂಪದಲ್ಲಿ ತೋರಿಸುವುದು ಕ್ಲೋಕಿಂಗ್ ಅಲ್ಲ.

2. ಇದು ನಡೆಯುವ ಬಗೆ

ಶೋಧಯಂತ್ರಗಳು ‘ಕ್ರಾಲರ್’ ಎಂಬ ಸ್ವಯಂಚಾಲಿತ ತಂತ್ರಾಂಶದ ಮೂಲಕ ಪುಟಗಳನ್ನು ಓದಿ ಸೂಚಿಗೆ ಸೇರಿಸುತ್ತವೆ. ಯಾವುದೇ ಪುಟವನ್ನು ಕೋರಿದಾಗ, ಕೋರಿದ ತಂತ್ರಾಂಶದ ಹೆಸರು ಮತ್ತು ಐಪಿ ವಿಳಾಸ ಸರ್ವರ್‌ಗೆ ತಿಳಿಯುತ್ತವೆ. ಹಿಂದೆ ಯಾವ ತಾಣದಲ್ಲಿದ್ದರು ಎಂಬುದೂ ಸಾಮಾನ್ಯವಾಗಿ ತಿಳಿಯುತ್ತದೆ. ಈ ವಿವರಗಳಿಂದ ಕ್ರಾಲರ್ ಅನ್ನು ಗುರುತಿಸಿ, ಅದಕ್ಕೆ ಮಾತ್ರ ಸೇವೆಯ ಹೆಸರು ಮತ್ತು ಮಾಹಿತಿ ತುಂಬಿದ ಪುಟವನ್ನು ನೀಡಲಾಗುತ್ತದೆ. ಶೋಧಯಂತ್ರವು ತಾನು ಓದಿದ ಪುಟದ ಆಧಾರದ ಮೇಲೆ ಸ್ಥಾನ ನೀಡುತ್ತದೆ. ಬಳಕೆದಾರರು ತಲುಪುವುದು ಬೇರೆ ಪುಟವನ್ನು.

3. ಶೋಧಯಂತ್ರಗಳು ಕೈಗೊಳ್ಳುವ ಕ್ರಮ

ಗೂಗಲ್‌ನ ನಿಯಮಗಳಲ್ಲಿ ಕ್ಲೋಕಿಂಗ್ ನಿಷಿದ್ಧವಾಗಿದ್ದು, ತಪ್ಪಿತಸ್ಥ ತಾಣದ ಸ್ಥಾನವನ್ನು ಕುಗ್ಗಿಸಬಹುದು ಅಥವಾ ತಾಣವನ್ನು ಫಲಿತಾಂಶಗಳಿಂದ ತೆಗೆದುಹಾಕಬಹುದು. 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯು ಸಂಸ್ಥೆಯ ಜರ್ಮನ್ ಜಾಲತಾಣವನ್ನು ಗೂಗಲ್ ತನ್ನ ಸೂಚಿಯಿಂದ ತೆಗೆದಿತ್ತು. ‘ಬಳಸಿದ ಕಾರು’ ಎಂಬ ಅರ್ಥದ ಜರ್ಮನ್ ಪದವನ್ನು ಮತ್ತೆ ಮತ್ತೆ ತುಂಬಿದ ಪುಟಗಳನ್ನು ಶೋಧಯಂತ್ರಕ್ಕೆ ಒದಗಿಸಿ, ಗ್ರಾಹಕರನ್ನು ಬೇರೆ ಪುಟಕ್ಕೆ ಕಳುಹಿಸುತ್ತಿದ್ದುದೇ ಇದಕ್ಕೆ ಕಾರಣ. ಆ ಪುಟಗಳನ್ನು ತೆಗೆದ ನಂತರ ಕೆಲವೇ ದಿನಗಳಲ್ಲಿ ತಾಣವನ್ನು ಮತ್ತೆ ಸೇರಿಸಲಾಯಿತು. ಆದರೆ ಕ್ರಮ ಜರುಗುವುದು ವಂಚನೆ ಪತ್ತೆಯಾದ ಮೇಲೆ. ಅಲ್ಲಿಯವರೆಗೆ ಬಳಕೆದಾರರೇ ಜಾಗರೂಕರಾಗಿರಬೇಕು.

4. ಸರ್ಕಾರಿ ಜಾಲತಾಣಗಳ ದುರ್ಬಳಕೆ

ಸರ್ಕಾರಿ ವಿಳಾಸಗಳ ಮೇಲಿನ ನಂಬಿಕೆಯನ್ನು ದುರುಪಯೋಗಪಡಿಸಿಕೊಳ್ಳಲು ವಂಚಕರು ಅಂತಹ ತಾಣಗಳೊಳಗೆ ನುಸುಳುವುದುಂಟು. 2024ರಲ್ಲಿ ಭಾರತದ ಹಲವು ರಾಜ್ಯಗಳ ಸರ್ಕಾರಿ ಜಾಲತಾಣಗಳ ಕೊಂಡಿಗಳು ಆನ್‌ಲೈನ್ ಜೂಜಿನ ತಾಣಗಳಿಗೆ ಒಯ್ಯುತ್ತಿದ್ದುದು ಬೆಳಕಿಗೆ ಬಂದಿತು. ಇಂತಹ ಕೃತ್ಯಗಳಲ್ಲಿ ಕೆಲವೊಮ್ಮೆ ಶೋಧಯಂತ್ರದ ಮೂಲಕ ಬಂದವರನ್ನು ಮಾತ್ರ ಬೇರೆಡೆಗೆ ಕಳುಹಿಸಲಾಗುತ್ತದೆ. ಕಚೇರಿಯ ಸಿಬ್ಬಂದಿ ವಿಳಾಸವನ್ನು ನೇರವಾಗಿ ನಮೂದಿಸಿ ತೆರೆದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಸಾರ್ವಜನಿಕರು ನೀಡುವ ಮಾಹಿತಿಯಿಂದಲೇ ಇಂತಹ ದೋಷವು ಮೊದಲು ತಿಳಿದುಬರಬಹುದು.

5. ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

ಅ) ಅರ್ಜಿ ನಮೂನೆ, ಪ್ರಕಟಣೆ ಅಥವಾ ಸ್ವೀಕೃತಿ ಪತ್ರದಲ್ಲಿ ಮುದ್ರಿತವಾದ ವಿಳಾಸವನ್ನು ನೇರವಾಗಿ ನಮೂದಿಸುವುದು.

ಆ) ಪುಟ ತೆರೆದ ನಂತರ ವಿಳಾಸ ಪಟ್ಟಿಯನ್ನು ಮತ್ತೊಮ್ಮೆ ಓದುವುದು. ಮೊದಲ ಒಂಟಿ ಓರೆಗೆರೆಗೆ ಮುಂಚಿನ ಭಾಗವು ‘.ಜಿಒವಿ.ಇನ್’ ಅಥವಾ ‘.ಎನ್‌ಐಸಿ.ಇನ್’ ಎಂದು ಮುಗಿಯಬೇಕು. ವಿಳಾಸದ ನಡುವೆ ಎಲ್ಲೋ ‘ಜಿಒವಿ’ ಎಂದಿದ್ದರೆ ಸಾಲದು. ಬೇರೆ ರೀತಿಯ ವಿಳಾಸವಿದ್ದಲ್ಲಿ, ಅದನ್ನು ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.

ಇ) ಬೀಗದ ಚಿಹ್ನೆಯು ಸಂಪರ್ಕ ಸುರಕ್ಷಿತವೆಂದು ಸೂಚಿಸುತ್ತದೆಯೇ ಹೊರತು ತಾಣವು ಅಧಿಕೃತವೆಂದಲ್ಲ ಎಂಬುದನ್ನು ಗಮನಿಸುವುದು.

ಈ) ವಿಳಾಸ ಖಚಿತವಾಗುವವರೆಗೆ ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ಹಾಗೂ ಓಟಿಪಿ ನೀಡದಿರುವುದು, ಶುಲ್ಕ ಪಾವತಿಸದಿರುವುದು.

6. ದೂರು ಸಲ್ಲಿಸುವ ವಿಧಾನ

ಸರ್ಕಾರಿ ಕೊಂಡಿಯು ಬೇರೆ ತಾಣಕ್ಕೆ ಒಯ್ದಲ್ಲಿ ಸಂಬಂಧಪಟ್ಟ ಇಲಾಖೆಗೆ ತಿಳಿಸುವುದು. ಹುಡುಕಿದ ಪದಗಳು, ಬಳಸಿದ ಸಾಧನ ಮೊಬೈಲೇ ಅಥವಾ ಗಣಕಯಂತ್ರವೇ ಎಂಬ ವಿವರ, ದಿನಾಂಕ, ಸಮಯ ಮತ್ತು ಪರದೆಯ ಚಿತ್ರವನ್ನು ದೂರಿನೊಂದಿಗೆ ಒದಗಿಸುವುದು. ಈ ವಿವರಗಳಿಲ್ಲದಿದ್ದರೆ ದೋಷವನ್ನು ಮರಳಿ ಕಾಣುವುದು ಕಷ್ಟ.

ಹಣ ಕಳೆದುಕೊಂಡಿದ್ದಲ್ಲಿ ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆಮಾಡಿ, ತಮ್ಮ ಬ್ಯಾಂಕಿಗೂ ತಿಳಿಸತಕ್ಕದ್ದು. ಗಣಕ ಸಾಧನ ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 66ಡಿ ಅನ್ವಯ 3 ವರ್ಷಗಳವರೆಗಿನ ಕಾರಾವಾಸ ಹಾಗೂ 1 ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆಗೆ ಗುರಿಪಡಿಸಬಹುದಾದ ಅಪರಾಧವಾಗಿದೆ.

ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಗಮನಿಸಿ ಸಹಕರಿಸಬೇಕೆಂದು ಕೋರಲಾಗಿದೆ.