ಚೌಪದಿ ಮತ್ತು ಅರ್ಜಿ

ದಿನಕರ ದೇಸಾಯಿ (1909–1982) ಎಂದೊಡನೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ನೆನಪಾಗುವುದು ಚುಟುಕ. ಅದೇ ಕೈ ಬರೆದ ಇನ್ನೊಂದು ಬಗೆಯ ಪುಸ್ತಕಗಳನ್ನು ನಾವು ಅಷ್ಟಾಗಿ ಮುಟ್ಟುವುದಿಲ್ಲ. 1940ರಲ್ಲಿ ಪ್ರಕಟವಾದ ‘ಮ್ಯಾರಿಟೈಮ್ ಲೇಬರ್ ಇನ್ ಇಂಡಿಯಾ’ ಹಡಗಿನಲ್ಲಿ ದುಡಿಯುವವರ ಸ್ಥಿತಿಗತಿಯನ್ನು ಕುರಿತದ್ದು. 1951ರ ಇನ್ನೊಂದು ಪುಸ್ತಕ ಕಲ್ಯಾಣದ ಚಾಲುಕ್ಯರ ಕಾಲದ ಮಹಾಮಂಡಲೇಶ್ವರರ ಚರಿತ್ರೆ. ಇವಲ್ಲದೆ ‘ಜನಸೇವಕ’ ವಾರಪತ್ರಿಕೆಯ ಬರವಣಿಗೆ ಬೇರೆ. ಅಂಕೋಲೆಯ ಈ ಕವಿಗೆ ಪದ್ಯ, ವರದಿ, ಸಂಶೋಧನೆ, ಸಂಪಾದಕೀಯ ಎಲ್ಲವೂ ಒಂದೇ ಕಸುಬಿನ ಭಾಗಗಳಾಗಿದ್ದವು.

ಇಂದಿನ ಪದವಿ ತರಗತಿಯಲ್ಲಿ ಇವು ಬೇರೆ ಬೇರೆ. ಕವಿತೆ, ಕಾದಂಬರಿ ಸಾಹಿತ್ಯದ ಪತ್ರಿಕೆಗೆ ಸೇರುತ್ತವೆ; ವರದಿ, ಪತ್ರ, ಸುದ್ದಿ, ಅನುವಾದ ‘ವೃತ್ತಿಪರ ಬರವಣಿಗೆ’ಗೆ ಹೋಗುತ್ತವೆ. ಮೊದಲನೆಯದರಿಂದ ರಸಜ್ಞತೆ, ಎರಡನೆಯದರಿಂದ ನೌಕರಿ ಎಂಬ ನಂಬಿಕೆ ಇದೆ. ಈ ಗೆರೆ ಬಂದದ್ದು ಎಲ್ಲಿಂದ?

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕಾರವಾರಕ್ಕೆ ಕಚೇರಿ, ಕೋರ್ಟುಗಳು ಬಂದವು, ಕಾಲೇಜು ಬರಲಿಲ್ಲ. ಪದವಿ ಬೇಕಾದವರು ಮುಂಬಯಿಗೆ ಹೋಗಬೇಕು; 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಘಟ್ಟ ಹತ್ತಬೇಕು. ದೇಸಾಯಿಯವರು ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜದ ಸದಸ್ಯರಾದರು. ರೈತ ಹೋರಾಟಕ್ಕಾಗಿ ಜಿಲ್ಲೆಯಿಂದ ಗಡಿಪಾರಾದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಗೋಖಲೆಯವರು ಹುಟ್ಟಿ ನೂರು ವರ್ಷವಾದ 1966ರಲ್ಲಿ ಆ ಟ್ರಸ್ಟ್ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜನ್ನು ತೆರೆಯಿತು.

ಅಷ್ಟರಲ್ಲಿ ಈ ಕರಾವಳಿಯ ಬರಹಗಾರರಿಗೆ ಬೇರೊಂದು ಪಾಠಶಾಲೆ ಇತ್ತು. ಗೋಕರ್ಣದ ಗೌರೀಶ ಕಾಯ್ಕಿಣಿ ಹೈಸ್ಕೂಲ್ ಮಾಸ್ತರರು. ಜೊತೆಗೆ ಪತ್ರಿಕೆಗಳ ಅಂಕಣಕಾರ, ವಿಮರ್ಶಕ. ಸು. ರಂ. ಎಕ್ಕುಂಡಿ ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ದಶಕಗಳ ಕಾಲ ಕಲಿಸುತ್ತಲೇ ಕಥನ ಕವನ ಬರೆದರು. ಹನೇಹಳ್ಳಿಯ ಯಶವಂತ ಚಿತ್ತಾಲರು ಓದಿದ್ದು ರಸಾಯನ ತಂತ್ರಜ್ಞಾನ, ಜಯಂತ ಕಾಯ್ಕಿಣಿಯವರು ಜೀವರಸಾಯನ ಶಾಸ್ತ್ರ. ಬರವಣಿಗೆ ಇವರಿಗೆ ಪರೀಕ್ಷೆಯ ವಿಷಯವಾಗಿರಲಿಲ್ಲ. ಪತ್ರಿಕೆಯ ಪುಟ, ಊರ ಓದುಗ, ಹಿರಿಯರೊಬ್ಬರ ತಿದ್ದುಪಡಿ, ಇಂಥವೇ ಅಂದಿನ ಬರವಣಿಗೆಯ ತರಗತಿ.

ಪದವಿಯ ವ್ಯವಸ್ಥೆ ಹಿಡಿದದ್ದು ಬೇರೆ ದಾರಿ. ಐಚ್ಛಿಕ ಕನ್ನಡದಲ್ಲಿ ಹಳಗನ್ನಡ, ಛಂದಸ್ಸು, ಕಾವ್ಯಮೀಮಾಂಸೆಗೆ ಗೌರವದ ಸ್ಥಾನ ಸಿಕ್ಕಿತು. ಪತ್ರಲೇಖನ, ಭಾಷಾಂತರಗಳು ಭಾಷಾ ಪತ್ರಿಕೆಯ ಕೊನೆಯ ಪ್ರಶ್ನೆಗಳಾಗಿ ಉಳಿದವು. 1994–95ರಲ್ಲಿ ಯುಜಿಸಿ ಪದವಿ ಹಂತಕ್ಕೆ ವೃತ್ತಿ ಶಿಕ್ಷಣವನ್ನು ತಂದಾಗ ‘ಫಂಕ್ಷನಲ್ ಇಂಗ್ಲಿಷ್’ ಎಂಬ ವಿಷಯ ಬಂತು. ಆ ಹೆಸರಿನಲ್ಲೇ, ಸಾಹಿತ್ಯದ ಇಂಗ್ಲಿಷ್ ಕೆಲಸಕ್ಕೆ ಬಾರದ್ದು ಎಂಬ ಧ್ವನಿಯಿತ್ತು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ಕೌಶಲದ ಪತ್ರಿಕೆಗಳು ಬಂದವು. 2024–25ಕ್ಕೆ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನೀತಿ ಬದಲಾದರೂ ಗೆರೆ ಅಳಿಸಲಿಲ್ಲ.

ಹಾಗೆಂದು ಹಿಂದಿನದೇ ಚೆನ್ನಾಗಿತ್ತು ಎನ್ನಲಾಗದು. ಪತ್ರಿಕೆಯ ಪಾಠಶಾಲೆಗೆ ಅಕ್ಷರವಿದ್ದ ಮನೆಯ ಗಂಡುಮಕ್ಕಳು ಸುಲಭವಾಗಿ ಸೇರಿದರು. ಹಾಲಕ್ಕಿ ಕೇರಿಯ ಹುಡುಗಿಗೆ, ಮೀನುಗಾರರ ಮನೆಯ ಹುಡುಗನಿಗೆ ಸಂಪಾದಕರ ಪರಿಚಯ ಎಲ್ಲಿಂದ ಬರಬೇಕು? ಅವರಿಗೆ ಬಾಗಿಲು ತೆರೆದದ್ದು ಊರಿನ ಕಾಲೇಜು. ಆದ್ದರಿಂದಲೇ ಕಾಲೇಜು ಏನನ್ನು ಕಲಿಸುತ್ತದೆ ಎಂಬುದು ದೊಡ್ಡ ಮಾತು.

ಸೀಬರ್ಡ್ ನೌಕಾನೆಲೆಯನ್ನೇ ನೋಡಿ. 1986ರಲ್ಲಿ ಅಡಿಗಲ್ಲು ಬಿದ್ದು, ಕಾರವಾರ, ಅಂಕೋಲಾ ತಾಲ್ಲೂಕುಗಳ ಹಳ್ಳಿಗಳು ಒಕ್ಕಲೆದ್ದವು. 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿತು. ಪರಿಹಾರದ ವ್ಯಾಜ್ಯಗಳು ಮಾತ್ರ ದಶಕಗಟ್ಟಲೆ ನಡೆದವು. ಇಂಥಲ್ಲಿ ಅರ್ಜಿಯೊಂದು ಸರ್ವೆ ನಂಬರನ್ನು ತಪ್ಪಿಲ್ಲದೆ ಹೇಳಬೇಕು, ಹೋದ ತೆಂಗಿನ ಮರಗಳ ಲೆಕ್ಕ ಕೊಡಬೇಕು, ಕೇಳುವುದೇನೆಂದು ನೇರವಾಗಿ ಹೇಳಬೇಕು. ಇದು ವೃತ್ತಿಪರ ಬರವಣಿಗೆ. ಆದರೆ ‘ಒಕ್ಕಲು’ ಎಂಬ ಮಾತು ಸರ್ಕಾರಿ ಕಾಗದದಲ್ಲಿ ‘ಫಲಾನುಭವಿ’ ಆದಾಗ ಮನುಷ್ಯನ ಹಕ್ಕು ದಯೆಯಾಗಿ ಬದಲಾಗುತ್ತದೆ. ಅದನ್ನು ಗುರುತಿಸುವ ಕಿವಿ ಬರುವುದು ಸಾಹಿತ್ಯದ ಓದಿನಿಂದ.

ಚೌಪದಿಗೂ ಅರ್ಜಿಗೂ ಇರುವ ನಂಟು ಇದೇ. ಎರಡರಲ್ಲೂ ಜಾಗ ಕಡಿಮೆ. ಎರಡೂ ಮೊದಲ ಓದಿಗೇ ನಾಟಬೇಕು. ಎರಡರಲ್ಲೂ ಒಂದು ಶಬ್ದ ಜಾರಿದರೆ ಕೆಲಸ ಕೆಡುತ್ತದೆ. ಅಂಕೋಲೆಯ ತರಗತಿಯಲ್ಲಿ ದೇಸಾಯಿಯವರ ಚುಟುಕದ ಪಕ್ಕದಲ್ಲೇ ಅವರ ಹಡಗು ಕಾರ್ಮಿಕರ ಪುಸ್ತಕದ ಒಂದು ಅಧ್ಯಾಯವನ್ನೂ ಇಟ್ಟು ಓದಿಸಬಹುದು. ಆಮೇಲೆ ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಅಹವಾಲನ್ನು ಬರೆಯಲಿ. ಕನ್ನಡ ಓದಿ ಏನು ಮಾಡುತ್ತೀ ಎಂಬ ಪ್ರಶ್ನೆಗೆ ಮನೆಯವರ ಮುಂದಿಡಲು ಅವರ ಕೈಯಲ್ಲೇ ಒಂದು ಕಾಗದವಿರುತ್ತದೆ.