ಬೇಲೂರು ರಘುನಂದನ್: ಒಬ್ಬರೇ ನಿಂತು ಮಾತಾಡುವ ನಾಟಕಗಳು ಯಾಕೆ ಮುಖ್ಯ?

ಬೇಲೂರು ಅಂತ ಹುಡುಕಿದರೆ ಮೊದಲು ಸಿಗೋದು ಚೆನ್ನಕೇಶವನ ಗುಡಿ. ಸಹಜ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, 2023ರಲ್ಲಿ ಹಳೇಬೀಡು ಮತ್ತು ಸೋಮನಾಥಪುರದ ಗುಡಿಗಳ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದ್ದು. ಆದರೆ ಇತ್ತೀಚಿನ ವರ್ಷಗಳಲ್ಲಿ ಈ ಊರಿನ ಹೆಸರು ಕನ್ನಡ ನಾಟಕಗಳ ಪೋಸ್ಟರ್‌ಗಳ ಮೇಲೂ ಕಾಣ್ತಿದೆ. ಅದು ಡಾ. ಬೇಲೂರು ರಘುನಂದನ್ ಅವರಿಂದ. ಅವರ ಹೆಸರು ಕೇಳಿ ನಾಟಕ ನೋಡದವರಿಗಾಗಿ ಈ ಪರಿಚಯ.

ಯಾರಿವರು?

ಕವಿ, ನಾಟಕಕಾರ, ವೃತ್ತಿಯಿಂದ ಕನ್ನಡ ಮೇಷ್ಟ್ರು. ಬೆಂಗಳೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠ ಮಾಡ್ತಾರೆ. 'ಕಾಜಾಣ'ದ ಮೂಲಕ ಸಾಹಿತ್ಯ, ರಂಗಭೂಮಿಯ ಕೆಲಸವನ್ನೂ ನಡೆಸುತ್ತಾರೆ. ಹೆಚ್ಚು ಹೆಸರು ತಂದಿದ್ದು ಏಕವ್ಯಕ್ತಿ ನಾಟಕಗಳು. ಅಂದರೆ ರಂಗದ ಮೇಲೆ ಶುರುವಿಂದ ಕೊನೆವರೆಗೆ ಒಬ್ಬರೇ. ಆ ಒಬ್ಬರು ಯಾರು ಅನ್ನೋದರಲ್ಲೇ ಈ ನಾಟಕಕಾರನ ರಾಜಕೀಯ ಇದೆ.

ಶರ್ಮಿಷ್ಠೆ: ದಾಸಿಯ ಕಡೆಯಿಂದ ಮಹಾಭಾರತ

ಕಥೆ ಆದಿಪರ್ವದ್ದು. ಶರ್ಮಿಷ್ಠೆ ಅಸುರರಾಜ ವೃಷಪರ್ವನ ಮಗಳು. ದೇವಯಾನಿ ಅವನ ಗುರು ಶುಕ್ರಾಚಾರ್ಯರ ಮಗಳು. ಸ್ನಾನಕ್ಕೆ ಹೋದಾಗ ಬಟ್ಟೆ ಅದಲುಬದಲಾಗಿ ಜಗಳ ಹುಟ್ಟುತ್ತೆ, ಮಾತು 'ನಿಮ್ಮಪ್ಪ ಏನು, ನಮ್ಮಪ್ಪ ಏನು' ಅನ್ನೋ ಮಟ್ಟಕ್ಕೆ ಇಳಿಯುತ್ತೆ. ಶರ್ಮಿಷ್ಠೆ ಅವಳನ್ನು ಬಾವಿಗೆ ತಳ್ಳುತ್ತಾಳೆ. ಗುರು ರಾಜ್ಯ ಬಿಟ್ಟು ಹೋಗ್ತೀನಿ ಅಂದಾಗ ಅಪ್ಪನ ರಾಜ್ಯ ಉಳಿಸೋಕೆ ರಾಜಕುಮಾರಿಯೇ ದಾಸಿಯಾಗಬೇಕಾಗುತ್ತೆ. ಮುಂದೆ ಯಯಾತಿಯಿಂದ ಅವಳಿಗೆ ಹುಟ್ಟಿದ ಪೂರು, ಅಪ್ಪನಿಗೆ ತನ್ನ ಯೌವನವನ್ನೇ ಕೊಡ್ತಾನೆ. ಕುರುವಂಶ ಬೆಳೆದಿದ್ದು ಈ ಪೂರುವಿನಿಂದ. ಹಳೇಬೀಡಿನ ಗೋಡೆಗಳ ಮೇಲೆ ಕೆತ್ತಿರುವ ಮಹಾಭಾರತ ಯುದ್ಧವನ್ನು ಮುಂದಿನ ಸಲ ನೋಡುವಾಗ ನೆನಪಿಡಿ: ಅಲ್ಲಿ ಬಡಿದಾಡುತ್ತಿರುವ ಮನೆತನದ ಮೂಲದಲ್ಲಿ ಒಬ್ಬ ದಾಸಿ ಇದ್ದಾಳೆ.

ಗಿರೀಶ್ ಕಾರ್ನಾಡರ 'ಯಯಾತಿ' ಓದಿದವರಿಗೆ ಕಥೆ ಗೊತ್ತು. ಆದರೆ ಅಲ್ಲಿ ಹೆಸರೇ ಹೇಳುವಂತೆ ನಡುವೆ ಇರೋದು ರಾಜ. ರಘುನಂದನ್ ರಾಜನನ್ನು ಪಕ್ಕಕ್ಕೆ ಸರಿಸಿ ಇಡೀ ರಂಗವನ್ನು ಶರ್ಮಿಷ್ಠೆಗೆ ಬಿಟ್ಟುಕೊಟ್ಟರು. ಚಿದಂಬರರಾವ್ ಜಂಬೆ ನಿರ್ದೇಶನದಲ್ಲಿ ಅವಳಾಗಿ ನಿಂತವರು ಉಮಾಶ್ರೀ. 'ಒಡಲಾಳ'ದ ಸಾಕವ್ವನಾಗಿ ಜನ ಇವತ್ತಿಗೂ ನೆನೆಸಿಕೊಳ್ಳುವ, 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ಪಡೆದ, ಮಂತ್ರಿಯೂ ಆಗಿದ್ದ ನಟಿ. ಸಾಕವ್ವನಿಂದ ಶರ್ಮಿಷ್ಠೆಗೆ ದಾರಿ ದೂರ ಅನ್ನಿಸಬಹುದು. ನನಗೇನೋ ಇಬ್ಬರೂ ಒಂದೇ ಸಾಲಲ್ಲಿ ಕಾಣ್ತಾರೆ. ಇಬ್ಬರ ಬದುಕಿನ ತೀರ್ಮಾನವೂ ಅವರನ್ನು ಕೇಳದೆ ಆಗಿದ್ದು.

ಮಾತಾ: ಬದುಕಿರುವವರ ಕಥೆ

ಇದು ಮಂಜಮ್ಮ ಜೋಗತಿಯವರ ಬದುಕಿನ ಮೇಲಿನ ನಾಟಕ. ಬಳ್ಳಾರಿ ಕಡೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು. ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾದರು. ಭಿಕ್ಷೆ ಬೇಡಿದರು, ಸಾಯಲು ಹೊರಟು ಬದುಕಿದರು, ಕಾಳವ್ವ ಜೋಗತಿಯ ಜೊತೆ ಜೋಗತಿ ಕುಣಿತ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದ ವಿಡಿಯೋ ನೀವೂ ಫಾರ್ವರ್ಡ್ ಮಾಡಿರಬಹುದು. ಅದೇ ವರ್ಷ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇ. 1 ಮೀಸಲಾತಿ ಕೊಟ್ಟಿತು.

ವಿಡಿಯೋ ಅರ್ಧ ನಿಮಿಷದ ಹೆಮ್ಮೆ. ಅದರ ಹಿಂದಿನ ಬದುಕನ್ನು ಎದುರು ಕೂತು ಕೇಳೋಕೆ ಒಂದು ಸಂಜೆ ಬೇಕು. ನಾಟಕ ಕೊಡೋದು ಆ ಸಂಜೆಯನ್ನು. 'ಮಾತಾ'ದಲ್ಲಿ ಮಂಜಮ್ಮನಾಗುವವರು ನಟ ಅರುಣ್ ಕುಮಾರ್.

ಇದಕ್ಕೆ ಜೊತೆಯಾಗಿ 'ಚಿಟ್ಟೆ' ಇದೆ. ಅಲ್ಲಿ ರಂಗವನ್ನು ಒಂಟಿಯಾಗಿ ಹೊರೋದು ಒಬ್ಬ ಬಾಲಕ. ದಾಸಿ, ಜೋಗತಿ, ಮಗು: ಮನೆಯ ಪಂಚಾಯಿತಿಯಲ್ಲೂ ಊರಿನ ಪಂಚಾಯಿತಿಯಲ್ಲೂ ಮಾತಿಗೆ ಅವಕಾಶ ಸಿಗದ ಮೂವರು.

ಒಬ್ಬರೇ ಯಾಕೆ?

ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕದಿಂದಲೇ ಶುರು ಮಾಡ್ತೀನಿ. ಹದಿನೈದು ಜನರ ನಾಟಕ ಅಂದರೆ ಹದಿನೈದು ಜನರ ರಜೆ, ಟಿಕೆಟ್, ಊಟ, ವಸತಿ. ಜೊತೆಗೆ ಸೆಟ್ ಸಾಗಿಸೋ ಗಾಡಿ. ಏಕವ್ಯಕ್ತಿ ನಾಟಕಕ್ಕೆ ನಟ, ಬೆಳಕು, ಸಂಗೀತದವರು ಸೇರಿದರೂ ಕೈಬೆರಳಲ್ಲಿ ಎಣಿಸುವಷ್ಟು ಜನ. ಅರಸೀಕೆರೆಯಂಥ ಜಂಕ್ಷನ್ನಿಗೆ ರೈಲಲ್ಲಿ ಬಂದಿಳಿದು, ಕಾಲೇಜಿನ ಹಾಲ್‌ನಲ್ಲಿ ಆಡಿ, ರಾತ್ರಿಯೇ ವಾಪಸ್ ಹೋಗಬಹುದು. ಕಲಾಕ್ಷೇತ್ರ, ರಂಗಶಂಕರಗಳಿಲ್ಲದ ತಾಲ್ಲೂಕು ಊರುಗಳಿಗೆ ಗಂಭೀರ ನಾಟಕ ತಲುಪಬೇಕು ಅಂದರೆ ಇದು ಸಣ್ಣ ವಿಷಯ ಅಲ್ಲ.

ತಕರಾರೂ ಇದೆ

ಈ ರೂಪಕ್ಕೆ ಬೆಲೆ ತೆರಬೇಕಾಗುತ್ತೆ. ಒಂದು, ಎದುರಾಳಿಗೆ ಬಾಯಿ ಇರಲ್ಲ. ಕಾರ್ನಾಡರ ನಾಟಕದಲ್ಲಿ ಪೂರುವಿನ ಹೆಂಡತಿ ಚಿತ್ರಲೇಖೆ ಯಯಾತಿಯ ಮುಖಕ್ಕೇ ಪ್ರಶ್ನೆ ಹಾಕ್ತಾಳೆ, ಅವನು ಉತ್ತರವಿಲ್ಲದೆ ನಿಲ್ಲೋದು ನಮಗೆ ಕಾಣುತ್ತೆ. ಏಕವ್ಯಕ್ತಿಯಲ್ಲಿ ನೋವುಂಡವರು ಮಾತ್ರ ಕಾಣ್ತಾರೆ, ನೋವು ಕೊಟ್ಟವರು ನೇಪಥ್ಯದಲ್ಲೇ ಉಳೀತಾರೆ. ಹಾಗಾದಾಗ ನಾವು ಅತ್ತು, ಚಪ್ಪಾಳೆ ತಟ್ಟಿ, ಹಗುರಾಗಿ ಮನೆಗೆ ಹೋಗೋದು ಸುಲಭ.

ಎರಡು, ಜೋಗತಿಯ ಪಾತ್ರವನ್ನು ಜೋಗತಿಯೇ ಯಾಕೆ ಮಾಡಬಾರದು? ಮಂಜಮ್ಮ ಸ್ವತಃ ರಂಗ ಕಂಡವರು. ಅವರ ಆತ್ಮಕಥೆ 'ನಡುವೆ ಸುಳಿವ ಹೆಣ್ಣು' ಅಂತ ಬಂದಿದೆ. ನಟನೆ ಅಂದರೆ ಇನ್ನೊಬ್ಬರಾಗೋದೇ ಅನ್ನೋ ಉತ್ತರ ಸರಿ. ಆದರೆ ಆ ಇನ್ನೊಬ್ಬರಿಗೆ ರಂಗಭೂಮಿಯಲ್ಲಿ ಕೆಲಸ ಸಿಗ್ತಿದೆಯಾ ಅನ್ನೋ ಪ್ರಶ್ನೆ ಅದರಿಂದ ಮುಗಿಯಲ್ಲ. ಇದು ಒಬ್ಬ ನಾಟಕಕಾರನ ಮೇಲಿನ ದೂರಲ್ಲ, ಇಡೀ ಕನ್ನಡ ರಂಗಭೂಮಿ ಉತ್ತರಿಸಬೇಕಾದ್ದು.

ಆದರೂ ನನ್ನ ಓಟು ಈ ನಾಟಕಗಳಿಗೇ. ಮೊದಲು ಮಾತು ಹೊರಗೆ ಬರಬೇಕು, ವಾದ ಆಮೇಲೆ. ರಂಗದ ಮೇಲೆ ಇಲ್ಲದ ಎದುರಾಳಿ ಪ್ರೇಕ್ಷಕರ ಸಾಲಲ್ಲೇ ಕೂತಿರಬಹುದು. ಅದು ನಾವೇ ಆಗಿರಬಹುದು.

ನಿಮ್ಮ ಕಾಲೇಜಿನ ಫೆಸ್ಟ್‌ಗೆ ಬಜೆಟ್ ಹಾಕ್ತಿದ್ದರೆ ಒಂದು ಸಂಜೆಯನ್ನು ಇಂಥ ನಾಟಕಕ್ಕೆ ಬಿಡಿ. ಮುಗಿದ ಮೇಲೆ ಅರ್ಧ ಗಂಟೆ ಹಾಲ್ ಬಾಗಿಲು ಹಾಕಬೇಡಿ. ದೇವಯಾನಿ ಪರವಾಗಿ ಮಾತಾಡೋರು ಯಾರಾದರೂ ಎದ್ದು ನಿಂತರೆ ಅವರಿಗೂ ಮೈಕ್ ಕೊಡಿ.