ಹೊಸೂರು ರೋಡಿನಲ್ಲಿ ಕೂತವರು

ಹೋದ ಸಲ ಊರಿಗೆ ಹೋದಾಗ ನಮ್ಮ ಓಣಿಯ ಅಕ್ಕನ ಮನೆ ಕಟ್ಟೆ ಮೇಲೆ ಚಹಾ ಕುಡಿಯುತ್ತಾ ಕೂತಿದ್ದೆ. ನಮ್ಮೂರು ಚಚಡಿ, ಸವದತ್ತಿ ತಾಲೂಕು. ಅಕ್ಕ ಒಂಬತ್ತು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಹೊಲಿದವಳು. ಈಗ ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡಿದ್ದಾಳೆ. ಮಾತು ಹೆಂಗೋ 2016ರ ಏಪ್ರಿಲ್‌ಗೆ ಹೋಯ್ತು.

“ಅವತ್ತ ಹೊಸೂರು ರೋಡಿನ್ಯಾಗ ಕುಂತವರೊಳಗ ನಾನೂ ಒಬ್ಬಾಕಿ ಇದ್ನಿ, ತಮ್ಮಾ” ಅಂದಳು.

ನನಗೆ ಮುಜುಗರ ಆಯ್ತು. ಯಾಕಂದ್ರೆ ಆ ದಿನ ಅದೇ ರೋಡಿನಲ್ಲಿ, ಆಫೀಸ್ ಕ್ಯಾಬಿನೊಳಗೆ ಸಿಕ್ಕಿಹಾಕಿಕೊಂಡು, ಮೂರು ತಾಸು ಅವರನ್ನು ಬೈಕೊಂಡು ಕೂತವನು ನಾನು.

ಏನಾಗಿತ್ತು ಅಂತ ನೆನಪಿಸುತ್ತೇನೆ. 2016ರ ಫೆಬ್ರವರಿ 10ರಂದು ಕೇಂದ್ರ ಕಾರ್ಮಿಕ ಸಚಿವಾಲಯ ಪಿಎಫ್ ನಿಯಮ ಬದಲಿಸಿತು. ಕೆಲಸ ಬಿಟ್ಟವರು ತಮ್ಮ ಪಾಲನ್ನೂ ಅದರ ಬಡ್ಡಿಯನ್ನೂ ತೆಗೆಯಬಹುದು. ಆದರೆ ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬೋವರೆಗೆ ಸಿಗೋದಿಲ್ಲ. ಮಾಲೀಕರು ಕಟ್ಟುವ ಶೇ. 12ರಲ್ಲಿ 8.33 ಪಿಂಚಣಿಗೆ ಹೋಗುತ್ತದೆ, ಪಿಎಫ್‌ಗೆ ಉಳಿಯೋದು 3.67. ಇಷ್ಟಕ್ಕೆ ಇಷ್ಟು ಗಲಾಟೆಯಾ ಅಂತ ಅವತ್ತು ನಾನೂ ಕೇಳಿದ್ದೆ.

ಅಕ್ಕನ ಲೆಕ್ಕ ಬೇರೆ ಇತ್ತು. ಕೈಗೆ ಬರುತ್ತಿದ್ದದ್ದು ಏಳು ಸಾವಿರ ಚಿಲ್ಲರೆ. ಬಾಡಿಗೆ, ರೇಷನ್ನು, ಊರಿಗೆ ಕಳಿಸೋದು ಮುಗಿದರೆ ಉಳಿತಾಯ ಅನ್ನೋದು ಪಿಎಫ್ ಒಂದೇ. ಗ್ರಾಚ್ಯುಟಿಗೆ ಒಂದೇ ಕಡೆ ಐದು ವರ್ಷ ದುಡಿದಿರಬೇಕು. ಗಾರ್ಮೆಂಟ್ಸಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ಅದಕ್ಕೂ ಮೊದಲೇ ಬಿಡುತ್ತಾರೆ. ಬಿಟ್ಟಾಗ ಸಿಗುವ ಪಿಎಫ್ ದುಡ್ಡಲ್ಲೇ ಸಾಲ ತೀರಬೇಕು, ಮಗಳ ಫೀಸು ಕಟ್ಟಬೇಕು. “ಐವತ್ತೆಂಟಕ್ಕ ಕೊಡತಾರಂತ. ಅಲ್ಲೀತನ ಈ ಕಣ್ಣು ಸೂಜಿ ಪೋಣಸ್ತಾವೇನು?”

ಏಪ್ರಿಲ್ 18, ಸೋಮವಾರ. ಹೊಸೂರು ರಸ್ತೆಯ ಕಾರ್ಖಾನೆಗಳಿಂದ ಸಾವಿರಾರು ಹೆಂಗಸರು ಮಷೀನು ಬಿಟ್ಟು ಹೊರಗೆ ಬಂದರು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್‌ಗೂ ಹಬ್ಬಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಠಾಣೆಯ ಹತ್ತಿರ ವಾಹನಗಳು ಸುಟ್ಟವು, ಲಾಠಿ, ಅಶ್ರುವಾಯು ಎಲ್ಲಾ ಆಯ್ತು. 19ರ ಸಂಜೆ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆದೇಶ ವಾಪಸ್ ಅಂದರು. ಬೆಂಗಳೂರಿನ ಹೆಂಗಸರು ಇಡೀ ದೇಶದ ನಿಯಮವನ್ನು ಎರಡೇ ದಿನದಲ್ಲಿ ತಿರುಗಿಸಿದ್ದರು.

ಇದೇ ಊರಿನ ಇನ್ನೊಂದು ಮುಷ್ಕರದ ಪಕ್ಕ ಇದನ್ನಿಟ್ಟು ನೋಡಿ. 1980ರ ಡಿಸೆಂಬರಿನಲ್ಲಿ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಕಾರ್ಮಿಕರು, ಸುಮಾರು ಒಂದೂಕಾಲು ಲಕ್ಷ ಜನ, ಬಿಎಚ್‌ಇಎಲ್‌ಗೆ ಸಮನಾದ ಸಂಬಳ ಕೇಳಿ ಕೆಲಸ ನಿಲ್ಲಿಸಿದರು. ಪರ್ಮನೆಂಟ್ ನೌಕರಿ, ಗಟ್ಟಿ ಯೂನಿಯನ್ನು, ಹೆಸರಾಂತ ನಾಯಕರು ಎಲ್ಲಾ ಇತ್ತು. 77 ದಿನ ನಡೆಸಿ, ಕೇಳಿದ್ದು ಸಿಗದೆ ವಾಪಸ್ ಹೋದರು. 2016ರ ಹೆಂಗಸರ ಮುಂದೆ ಒಬ್ಬ ನಾಯಕನೂ ಇರಲಿಲ್ಲ. ಇವರು ಬಡಿದಾಡಿದ್ದು ಮಾಲೀಕನ ಜೊತೆಗಲ್ಲ, ದಿಲ್ಲಿಯ ಜೊತೆ. ಮಾಲೀಕನನ್ನು ಕೇಳಿದರೆ ಅವನು ವಿದೇಶಿ ಬ್ರ್ಯಾಂಡಿನ ಕಡೆ ಕೈ ತೋರಿಸುತ್ತಾನೆ. 2005ರ ಜನವರಿಯಲ್ಲಿ ಜವಳಿ ರಫ್ತಿನ ಕೋಟಾ ಹೋದ ಮೇಲೆ ಬೆಂಗಳೂರಿನ ಅಂಗಿ ಢಾಕಾದ ಅಂಗಿಯ ಜೊತೆ ನೇರ ಪೈಪೋಟಿಗೆ ನಿಂತಿದೆ. ಒಂದು ಪೀಸಿನ ರೇಟು ಅಲ್ಲಿ ಕಮ್ಮಿ ಆದರೆ ಆರ್ಡರು ಅಲ್ಲಿಗೆ.

ಈಗ ಕಾನೂನೂ ಬದಲಾಗಿದೆ. 29 ಹಳೇ ಕಾನೂನುಗಳನ್ನು ನಾಲ್ಕು ಸಂಹಿತೆಗಳಾಗಿ ಕೂಡಿಸಿ, 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ಒಳ್ಳೆಯದೂ ಇದೆ: ಎಲ್ಲರಿಗೂ ನೇಮಕಾತಿ ಪತ್ರ, ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ. ಆದರೆ ಮೊದಲು 100 ಜನ ಇರುವ ಕಾರ್ಖಾನೆಯೇ ಜನರನ್ನು ತೆಗೆಯಲು ಸರ್ಕಾರದ ಅನುಮತಿ ಕೇಳಬೇಕಿತ್ತು, ಈಗ ಆ ಮಿತಿ 300. ಮುಷ್ಕರಕ್ಕೆ ಎಲ್ಲ ಉದ್ಯಮಗಳಲ್ಲೂ 14 ದಿನ ಮೊದಲೇ ನೋಟಿಸ್ ಕೊಡಬೇಕು. ಮೊದಲು ಆ ಷರತ್ತು ಇದ್ದದ್ದು ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ. ಅಂದರೆ ಏಪ್ರಿಲ್ 18ರಂಥ ಸೋಮವಾರ ಈಗ ಬಂದರೆ, ಹಾಗೆ ಎದ್ದು ಬರೋದು ಕಾನೂನಿನ ಕಣ್ಣಲ್ಲಿ ತಪ್ಪು.

ಇದೆಲ್ಲಾ ಕಾರ್ಖಾನೆಯವರ ಕಥೆ, ನಮಗ್ಯಾಕೆ ಅಂತೀರಾ? 2024ರಲ್ಲಿ ನಮ್ಮ ರಾಜ್ಯದಲ್ಲೇ ಐಟಿಯವರಿಗೆ ದಿನಕ್ಕೆ 14 ತಾಸಿನ ಕೆಲಸದ ಪ್ರಸ್ತಾಪ ಬಂದಿತ್ತು. ಅದನ್ನು ಗಟ್ಟಿಯಾಗಿ ವಿರೋಧಿಸಿದ್ದು ಐಟಿ ನೌಕರರ ಸಂಘ. ನಾನು ಅದರ ಸದಸ್ಯ ಆಗಿರಲಿಲ್ಲ. ‘ಕಾರ್ಮಿಕ’ ಅನ್ನೋ ಪದ ನನಗಲ್ಲ ಅಂದುಕೊಂಡಿದ್ದೆ.

ಹಾಗಂತ ನನಗೂ ಪಾಠ ಆಗಿರಲಿಲ್ಲ ಅಂತಲ್ಲ. 2018ರಲ್ಲಿ ಆಗಿನ ನನ್ನ ಕಂಪನಿ ಮೀಟಿಂಗ್ ರೂಮಿಗೆ ಕರೆದು, ಅರ್ಧ ತಾಸಿನೊಳಗೆ ನನ್ನ ಕೈಯಿಂದಲೇ ರಾಜೀನಾಮೆ ಬರೆಸಿಕೊಂಡಿತು. ಮುಂದಿನ ಕೆಲಸ ಸಿಗೋಕೆ ಐದು ತಿಂಗಳು ಹಿಡೀತು. ಕೊನೆಯ ಎರಡು ತಿಂಗಳ ಬಾಡಿಗೆ, ಇಎಂಐ ಕಟ್ಟಿದ್ದು ಪಿಎಫ್ ದುಡ್ಡಿನಿಂದ. ನನ್ನ ಪಾಲು, ಕಂಪನಿಯ ಪಾಲು, ಎರಡೂ. ಅದು ಯಾರ ದೆಸೆಯಿಂದ ಪೂರ್ತಿ ಸಿಕ್ಕಿತು ಅಂತ ಆಗ ಯೋಚಿಸಿಯೇ ಇರಲಿಲ್ಲ.

ಇದನ್ನು ಅಕ್ಕನಿಗೆ ಹೇಳಿದೆ. ಕ್ಯಾಬಿನಲ್ಲಿ ಕೂತು ಬೈದದ್ದನ್ನೂ ಹೇಳಿದೆ. ಅವಳು ನಕ್ಕಳು.

“ಬೈದ್ರ ಬೈದಿ ಬಿಡು. ನಿನ್ನ ಸಲುವಾಗೂ ಕುಂತಂಗ ಆತಲ್ಲ. ಇನ್ನೊಂದ ಅರ್ಧ ಕಪ್ ಚಾ ಹಾಕಲೇನು?”